ಫಿಲ್ಟರ್ ಪೂರ್ತಿ ತೊಳೆದುಕೊಡ್ತೀವಿ ಅಂದರೆ ಬೇಡ ಅನ್ನಿ

ಹುಬ್ಬಳ್ಳಿ-ಧಾರವಾಡದಲ್ಲಿ ಮನೆಗೇ ಬಂದು ಅಕ್ವೇರಿಯಂ ಸರ್ವಿಸ್ ಮಾಡಿಕೊಡುವವರಿದ್ದಾರೆ. ಕೆಲಸ ಬಲ್ಲವರೂ ಅವರಲ್ಲಿದ್ದಾರೆ. ಆದರೆ ‘ಫುಲ್ ಸರ್ವಿಸ್’ ಅಂತ ಹೇಳಿ ಫಿಲ್ಟರ್ ಒಳಗಿನದನ್ನೆಲ್ಲ ಒಂದೇ ದಿನ ತೊಳೆದು ಹಾಕುವವರನ್ನು ದಯವಿಟ್ಟು ಟ್ಯಾಂಕ್ ಹತ್ತಿರ ಬಿಡಬೇಡಿ. ನಮ್ಮ ಮನೆಯ ಮೀನುಗಳು ಸತ್ತದ್ದು ಇದರಿಂದಲೇ.

ನಮ್ಮದು ಮೂರಡಿ ಟ್ಯಾಂಕ್, ಸುಮಾರು 130 ಲೀಟರ್ ಹಿಡಿಯುತ್ತದೆ. ಏಂಜಲ್, ಮೊಲ್ಲಿ, ತಳದಲ್ಲಿ ಓಡಾಡುವ ಕೋರಿ ಮೀನುಗಳು ಇದ್ದವು. ಮೇಲೆ ಟಾಪ್ ಫಿಲ್ಟರ್. ಅದರ ಟ್ರೇಯಲ್ಲಿ ಸ್ಪಂಜ್, ಸ್ಪಂಜಿನ ಕೆಳಗೆ ಸೆರಾಮಿಕ್ ರಿಂಗ್. ವರ್ಷಗಟ್ಟಲೆ ಏನೂ ತಕರಾರಿರಲಿಲ್ಲ. ಪಂಪ್ ಗರಗರ ಅನ್ನತೊಡಗಿತು ಅಂತ ಅಂಗಡಿಯೊಂದಕ್ಕೆ ಫೋನ್ ಮಾಡಿ, ಪಂಪ್ ಅಷ್ಟೇ ನೋಡಿ ಸಾಕು ಅಂತ ಹೇಳಿದ್ದೆ. ಹುಡುಗ ಬಂದಾಗ ನಾನು ಆಫೀಸಿನಲ್ಲಿದ್ದೆ, ಮನೆಯಲ್ಲಿ ಅವ್ವ ಒಬ್ಬಳೇ. ಅವನು ಟ್ರೇ ಎತ್ತಿ ತೋರಿಸಿ, “ಅವ್ವಾರ, ಎಷ್ಟ್ ಹೊಲಸ್ ಆಗೇತಿ ನೋಡ್ರಿ. ಹಿಂಗ ಬಿಟ್ರ ಮೀನ ಉಳಿಯಂಗಿಲ್ಲ” ಅಂದನಂತೆ. ಅವ್ವ ಹೂಂ ಅಂದಳು. ಆ ಕಂದು ಲೋಳೆ ಕಂಡರೆ ಯಾರಿಗಾದರೂ ಕೊಳೆ ಅಂತಲೇ ಅನ್ನಿಸುತ್ತದೆ, ಅಲ್ವಾ?

ಅವತ್ತು ನಳ ಬಂದಿತ್ತು. ಅವನು ಅಂಗಳದಲ್ಲಿ ಪೈಪ್ ಹಚ್ಚಿಕೊಂಡು, ರಿಂಗ್‌ಗಳನ್ನು ಬ್ಲೀಚಿಂಗ್ ಪೌಡರ್ ನೀರಲ್ಲಿ ನೆನೆಸಿ, ಉಜ್ಜಿ ಬೆಳ್ಳಗೆ ಮಾಡಿದ. ಹಳೆಯ ಸ್ಪಂಜ್ ಎಸೆದು ಹೊಸದು ಹಾಕಿದ. ತಳದ ಸಣ್ಣ ಕಲ್ಲುಗಳನ್ನೂ ತೆಗೆದು ತೊಳೆದ. ನೀರನ್ನು ಪೂರ್ತಿ ಬದಲಿಸಿ, ಆಂಟಿ-ಕ್ಲೋರಿನ್ ಹಾಕಿ, ದುಡ್ಡು ಇಸಿದುಕೊಂಡು ಹೋದ. ಸಂಜೆ ನಾನು ಬಂದಾಗ ಟ್ಯಾಂಕ್ ಫಳಫಳ ಹೊಳೆಯುತ್ತಿತ್ತು.

ಎರಡು ಮೂರು ದಿನದಲ್ಲಿ ನೀರು ಬೆಳ್ಳಗೆ ಮಬ್ಬಾಯಿತು. ಏಂಜಲ್‌ಗಳು ರೆಕ್ಕೆ ಮುದುಡಿಕೊಂಡು ಮೇಲಕ್ಕೆ ಬಂದು ಬಾಯಿ ಬಿಡತೊಡಗಿದವು. ಕಿವಿರಿನ ಅಂಚು ಕೆಂಪಗೆ ಊದಿಕೊಂಡಿತ್ತು, ಕಿವಿರು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಅಂಗಡಿಯವರಿಗೆ ಫೋನ್ ಮಾಡಿದರೆ, “ಇನ್‌ಫೆಕ್ಷನ್ ಇರಬೇಕ್ರಿ” ಅಂತ ನೀಲಿ ಔಷಧಿ ಕಳಿಸಿದರು. ಆ ನೀಲಿ ಔಷಧಿ ಅಂದರೆ ಮೆಥಿಲೀನ್ ಬ್ಲೂ. ಅದು ಅಳಿದುಳಿದ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಏಂಜಲ್ ಒಂದೂ ಉಳಿಯಲಿಲ್ಲ. ಕೊನೆಗೆ ಅಂಗಡಿಯವರು ಹೇಳಿದ್ದು, “ಮೀನಿಗೆ ವಯಸ್ಸಾಗಿತ್ತು ಬಿಡ್ರಿ.” ಎಲ್ಲಾ ಏಂಜಲ್‌ಗೂ ಒಂದೇ ವಾರ ವಯಸ್ಸಾಗುವುದಿಲ್ಲ. ಆ ಮಾತು ಕೇಳಿ ನನಗೆ ಬಹಳ ಸಿಟ್ಟು ಬಂತು.

ನಿಜವಾಗಿ ಆಗಿದ್ದು ಇಷ್ಟು. ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತದೆ. ಹಿಕ್ಕೆ, ಉಳಿದ ಆಹಾರ ಕೊಳೆತರೂ ಅಮೋನಿಯಾವೇ. ಅದು ವಿಷ. ರಿಂಗ್, ಸ್ಪಂಜ್, ತಳದ ಕಲ್ಲಿನ ಮೇಲೆ ಅಂಟಿಕೊಂಡ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ; ಮೀನಿನ ರಕ್ತ ಆಮ್ಲಜನಕ ಹೊರದಂತೆ ಮಾಡುತ್ತದೆ. ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಅಷ್ಟು ಕೆಟ್ಟದ್ದಲ್ಲ, ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರೆ ಹತೋಟಿಯಲ್ಲಿರುತ್ತದೆ. ಈ ಬ್ಯಾಕ್ಟೀರಿಯಾ ಬಹಳ ನಿಧಾನವಾಗಿ ಬೆಳೆಯುತ್ತವೆ. ಹೊಸ ಟ್ಯಾಂಕಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಆ ಹುಡುಗ ತೊಳೆದು ಹಾಕಿದ್ದು ಇದನ್ನೇ. ಇನ್ನು ಬೋರ್‌ವೆಲ್ ನೀರು ಬಳಸುವವರು ಜಾಸ್ತಿ ಹುಷಾರಾಗಿರಬೇಕು. ಗಡಸು ನೀರಿನ ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ) ಸಾಮಾನ್ಯವಾಗಿ ಹೆಚ್ಚು, ಪಿಎಚ್ ಹೆಚ್ಚಿದ್ದಷ್ಟೂ ಅಮೋನಿಯಾದ ಹೊಡೆತ ಜೋರು.

ಉಳಿದ ಕೋರಿ, ಮೊಲ್ಲಿಗಳನ್ನು ಉಳಿಸಿದ್ದು ಧಾರವಾಡದ ಗೆಳೆಯ. ಅವನೂ ಮೀನು ಸಾಕಿದ್ದಾನೆ. ಅಮೋನಿಯಾ ಟೆಸ್ಟ್ ಕಿಟ್ ತಂದ. ಹನಿ ಹಾಕಿದರೆ ಹಳದಿಯಾಗಿ ಉಳಿಯಬೇಕಾದ ನೀರು ಕಡು ಹಸಿರಾಯಿತು. ತನ್ನ ಟ್ಯಾಂಕಿನ ಹಳೆಯ ಸ್ಪಂಜ್ ಫಿಲ್ಟರನ್ನು ಅಲ್ಲಿನ ನೀರಿನ ಸಮೇತ ಕವರಿನಲ್ಲಿ ಹಾಕಿಕೊಂಡು ಚಿಗರಿ ಬಸ್ಸಿನಲ್ಲಿ ತಂದಿದ್ದ. ಅದನ್ನು ನಮ್ಮ ರಿಂಗ್‌ಗಳ ಮೇಲೆ ಹಿಂಡಿದಾಗ ಕಂದು ರಾಡಿ ಇಳಿಯಿತು. ಮಣ್ಣಿನ ವಾಸನೆ. ಹೆಪ್ಪು ಹಾಕಿದ ಹಾಗೆ ಅಷ್ಟೇ. ಆಮೇಲೆ ಆ ಸ್ಪಂಜನ್ನು ನಮ್ಮ ಟ್ಯಾಂಕಿನಲ್ಲೇ ಬಿಟ್ಟೆವು. ಆಹಾರ ನಿಲ್ಲಿಸಿ, ದಿನಾ ಅರ್ಧ ನೀರು ಬದಲಿಸಿದೆವು. ನಿಮ್ಮಲ್ಲಿ ಹೀಗಾದರೆ ಮೊದಲು ಮಾಡಬೇಕಾದದ್ದು ಇದೇ, ಔಷಧಿ ಅಲ್ಲ. ಬದಲಿಸುವ ನೀರಿಗೆ ಆಂಟಿ-ಕ್ಲೋರಿನ್ ಮರೆಯಬೇಡಿ. ನಳ ಬಂದ ದಿನದ ನೀರಿನಲ್ಲಿ ಕ್ಲೋರಿನ್ ವಾಸನೆ ಮೂಗಿಗೇ ಬಡಿಯುತ್ತದೆ.

ಹಾಗಾದರೆ ಫಿಲ್ಟರ್ ತೊಳೆಯುವುದೇ ಬೇಡವಾ? ಬೇಕು. ನೀರಿನ ಹರಿವು ಕಡಿಮೆಯಾದಾಗ, ಟ್ಯಾಂಕಿನಿಂದಲೇ ತೆಗೆದ ನೀರನ್ನು ಬಕೆಟ್‌ನಲ್ಲಿ ಇಟ್ಟುಕೊಂಡು ಸ್ಪಂಜನ್ನು ಅದರಲ್ಲಿ ಹಿಂಡಿ. ರಿಂಗ್‌ಗಳನ್ನು ಅದೇ ನೀರಲ್ಲಿ ಸುಮ್ನೆ ಅಲುಗಾಡಿಸಿದರೆ ಸಾಕು, ಅದೂ ಸ್ಪಂಜ್ ಹಿಂಡಿದ ದಿನ ಬೇಡ. ಸ್ಪಂಜ್ ಹರಿದು ಹೋದರೆ ಹೊಸದನ್ನು ಹಳೆಯದರ ಪಕ್ಕದಲ್ಲಿ ಒಂದು ತಿಂಗಳು ಓಡಿಸಿ, ಆಮೇಲೆ ಹಳೆಯದನ್ನು ತೆಗೆಯಿರಿ. ನಮ್ಮ ಪಂಪಿನ ಗರಗರಕ್ಕೆ ಕಾರಣ ಪಂಪಿನೊಳಗೆ ತಿರುಗುವ ರೆಕ್ಕೆ, ಅಂದರೆ ಇಂಪೆಲ್ಲರ್‌ಗೆ ಸುತ್ತಿಕೊಂಡಿದ್ದ ಗಿಡದ ನಾರು. ಮುಚ್ಚಳ ಬಿಚ್ಚಿ ಹಳೆಯ ಬ್ರಷ್‌ನಿಂದ ಉಜ್ಜಿದರೆ ಮುಗಿಯುವ ಕೆಲಸ. ಅದನ್ನು ಮಾತ್ರ ಆ ಹುಡುಗ ಮುಟ್ಟಿರಲೇ ಇಲ್ಲ.

ಹೊಸ ಫಿಲ್ಟರ್ ತಗೊಳ್ಳುವವರಿಗೂ ಒಂದು ಮಾತು. ಡಬ್ಬಿ ಮೇಲಿನ ‘ಗಂಟೆಗೆ 1000 ಲೀಟರ್’ ಅನ್ನುವುದು ಒಳಗೆ ಏನೂ ತುಂಬದ, ನೀರನ್ನು ಮೇಲೆತ್ತದ ಪಂಪಿನ ಲೆಕ್ಕ. ಸ್ಪಂಜ್, ರಿಂಗ್ ತುಂಬಿದ ಮೇಲೆ ಅಷ್ಟು ಹರಿಯುವುದಿಲ್ಲ. ಗಂಟೆಗೆ ಟ್ಯಾಂಕಿನ ನಾಲ್ಕೈದು ಪಟ್ಟು ನೀರು ನಿಜವಾಗಿ ಹರಿದರೆ ಸಾಕು. ಯುವಿ ಲೈಟ್ ಇದೆ ಅಂತ ಜಾಸ್ತಿ ದುಡ್ಡು ಕೊಡಬೇಡಿ, ಅದು ಅಮೋನಿಯಾವನ್ನು ಏನೂ ಮಾಡುವುದಿಲ್ಲ. ತಿಂಗಳಿಗೊಮ್ಮೆ ಕಾರ್ಟ್ರಿಜ್ ಬದಲಿಸಿ ಅನ್ನುವ ಫಿಲ್ಟರ್ ಕೂಡ ಬೇಡ. ಬ್ಯಾಕ್ಟೀರಿಯಾ ಕೂತಿರುವುದೇ ಆ ಕಾರ್ಟ್ರಿಜ್‌ನಲ್ಲಿ. ಎರಡಡಿ ಟ್ಯಾಂಕಿಗೆ ಏರ್ ಪಂಪಿನ ಸ್ಪಂಜ್ ಫಿಲ್ಟರ್ ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು. ಅಗ್ಗ, ಕೆಡುವುದೂ ಅಪರೂಪ. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ, ಇಲ್ಲವೇ ಪೈಪಿಗೆ ನಾನ್-ರಿಟರ್ನ್ ವಾಲ್ವ್ ಹಾಕಿ. ಕರೆಂಟ್ ಹೋದಾಗ ನೀರು ಪೈಪಿನಲ್ಲಿ ವಾಪಸ್ ಹರಿದು ಪಂಪಿಗೇ ನುಗ್ಗುವುದುಂಟು.

ಕ್ಯಾನಿಸ್ಟರ್, ಅಂದರೆ ಟ್ಯಾಂಕಿನ ಹೊರಗೆ ಇಡುವ ಮುಚ್ಚಿದ ಡಬ್ಬಿಯ ಫಿಲ್ಟರ್ ಇಟ್ಟವರು ಕರೆಂಟ್ ವಿಷಯದಲ್ಲಿ ಇನ್ನೂ ಎಚ್ಚರವಾಗಿರಿ. ಮುಚ್ಚಿದ ಡಬ್ಬಿಯಲ್ಲಿ ನೀರು ನಿಂತರೆ ಕೆಲವೇ ಗಂಟೆಗಳಲ್ಲಿ ಆಮ್ಲಜನಕ ತೀರಿ ಬ್ಯಾಕ್ಟೀರಿಯಾ ಸಾಯತೊಡಗುತ್ತವೆ. ಅರ್ಧ ದಿನ ಕರೆಂಟ್ ಇಲ್ಲದೆ ಹೋಗಿ ಬಂದರೆ, ಸ್ವಿಚ್ ಹಾಕುವ ಮೊದಲು ಡಬ್ಬಿ ಬಿಚ್ಚಿ ಮೂಸಿ ನೋಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಆ ನೀರನ್ನು ಚೆಲ್ಲಿ, ಒಳಗಿನದನ್ನು ಟ್ಯಾಂಕಿನ ನೀರಿನಲ್ಲಿ ಜಾಲಿಸಿ, ಆಮೇಲಷ್ಟೇ ಚಾಲೂ ಮಾಡಿ.