ಬಚ್ಚಲುಮನೆಯ ಗೋಡೆಗೆ ಟೈಲ್ಸ್: ನಮ್ಮ ಮೇಸ್ತ್ರಿಯವರ ಕೆಲಸ
ಮೈಸೂರಿನ ನಮ್ಮ ಮನೆಯ ಬಚ್ಚಲುಮನೆಗೆ 300×600 ಮಿ.ಮೀ. ಅಳತೆಯ ಟೈಲ್ಸ್ ಹಾಕಿಕೊಟ್ಟ ಮೇಸ್ತ್ರಿಯವರ ಕೆಲಸದಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು, ಸಿಮೆಂಟ್ ಕಲಸುವ ಮೊದಲೇ ಅವರು ಮಾಡಿದ ಲೆಕ್ಕಾಚಾರ. ಗೋಡೆಯ ನಡುವೆ ತೂಕದ ಗುಂಡು ಬಿಟ್ಟು ಗೆರೆ ಎಳೆದು, ಟೈಲ್ಸ್‌ಗಳ ನಡುವಿನ 2 ಮಿ.ಮೀ. ಸಂದನ್ನೂ ಸೇರಿಸಿ ಎರಡೂ ಬದಿಗೆ ಅಳೆದಾಗ ಮೂಲೆಗಳಲ್ಲಿ ಬೆರಳಗಲದ ತುಂಡುಗಳು ಉಳಿಯುತ್ತಿದ್ದವು. ಗೆರೆಯನ್ನು ಅರ್ಧ ಟೈಲ್ಸ್‌ನಷ್ಟು ಸರಿಸಿದ ಮೇಲೆ ಎರಡೂ ಮೂಲೆಗಳಿಗೆ ಅರ್ಧಕ್ಕಿಂತ ಅಗಲವಾದ, ಒಂದೇ ಸಮನಾದ ತುಂಡುಗಳು ಬಂದವು. ಬಚ್ಚಲಿನ ನೆಲ ನೀರು ಹರಿಯಲೆಂದು ಇಳಿಜಾರಾಗಿರುವುದರಿಂದ ಅದನ್ನು ನಂಬದೆ, ಎರಡನೆಯ ಸಾಲನ್ನು ಮಟ್ಟ ನೋಡಿ ಹೊಡೆದ ಮರದ ಪಟ್ಟಿಯ ಮೇಲೆ ಮೊದಲು ಕೂರಿಸಿ, ಕೆಳಸಾಲನ್ನು ಕೊನೆಯಲ್ಲಿ ಅಳತೆಗೆ ಕತ್ತರಿಸಿ ತುಂಬಿದರು. ಕೂಲಿ ತುಸು ಹೆಚ್ಚೇ. ನಲ್ಲಿಯ ಸುತ್ತ ಸಂದು ತುಂಬಿದ ಗ್ರೌಟ್ ಇನ್ನಷ್ಟು ಅಚ್ಚುಕಟ್ಟಾಗಿರಬೇಕಿತ್ತು. ಆದರೂ ಅಡುಗೆಮನೆಯ ಗೋಡೆಗೂ ಅವರನ್ನೇ ಗೊತ್ತುಮಾಡಿದ್ದೇವೆ.