ಚಿಕ್ಕಮಗಳೂರಿನಲ್ಲಿ ಕಂಡ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಸೇವೆ

2018ರಲ್ಲಿ ಆರಂಭವಾದ ಈ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ ದೊರೆಯುತ್ತದೆ. ಎಪಿಎಲ್ ಕುಟುಂಬಕ್ಕಾದರೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆಯಲ್ಲಿ ನಿಗದಿಪಡಿಸಿದ ಒಟ್ಟು ದರ) ಶೇ. 30ರಷ್ಟನ್ನು ಮಾತ್ರ ಸರ್ಕಾರ ಭರಿಸುತ್ತದೆ. ನಮ್ಮ ಕಾಫಿ ತೋಟದ ಲೈನ್ ಮನೆಯ (ಕಾರ್ಮಿಕರ ಸಾಲುಮನೆ) ಹಿರಿಯರೊಬ್ಬರಿಗೆ ಸ್ಟೆಂಟ್ ಹಾಕಿಸಬೇಕಾಗಿ ಬಂದಾಗ, ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ, ಪಡಿತರ ಚೀಟಿ ಮತ್ತು ಆಧಾರ್ ಮೂರೂ ಕೈಯಲ್ಲಿದ್ದುದರಿಂದ ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರು ತಡಮಾಡದೆ ಅನುಮೋದನೆಗೆ ಕಳುಹಿಸಿದರು. (ತುರ್ತು ಸಂದರ್ಭದಲ್ಲಿ ರೆಫರಲ್ ಬೇಕಿಲ್ಲವೆಂಬುದು ಬಹಳ ಜನರಿಗೆ ತಿಳಿದೇ ಇಲ್ಲ.) ಆದರೆ ಚಿಕಿತ್ಸೆ ನೀಡಿದ ಖಾಸಗಿ ಆಸ್ಪತ್ರೆಯು, ಪ್ಯಾಕೇಜ್‌ನಲ್ಲೇ ಸೇರಿರುವ ಔಷಧಿಗಳನ್ನು ಚೀಟಿ ಬರೆದು ಹೊರಗಿನ ಅಂಗಡಿಯಿಂದ ತರಿಸಿದ್ದು ಒಪ್ಪತಕ್ಕದ್ದಲ್ಲ. ಕಾಫಿ ಕೊಯ್ಲಿಗೆ ಅಸ್ಸಾಂನಿಂದ ಬರುವವರ ಬಳಿ ಇಲ್ಲಿನ ಪಡಿತರ ಚೀಟಿ ಇರುವುದಿಲ್ಲವಾದ್ದರಿಂದ, ತಮ್ಮ ಊರಿನ ಆಯುಷ್ಮಾನ್ ಕಾರ್ಡನ್ನು ಜೊತೆಗೇ ತರುವಂತೆ ತೋಟದ ಮಾಲೀಕರು ಮೊದಲೇ ತಿಳಿಸುವುದು ಒಳ್ಳೆಯದು.