ಒಂದು ಲ್ಯಾಪ್‌ಟಾಪ್, ಒಂದು ಫೋನು: ನನ್ನ ತರಗತಿಯಲ್ಲಿ ನಿಜಕ್ಕೂ ಕೆಲಸಕ್ಕೆ ಬಂದ ತಂತ್ರಾಂಶಗಳು

ಶಿಕ್ಷಕರಿಗಾಗಿ ಅಂತ ಬರುವ ಆಪ್‌ಗಳಲ್ಲಿ ಹೆಚ್ಚಿನವು ಎರಡು ವಿಷಯಗಳನ್ನು ಮೊದಲೇ ಅಂದುಕೊಂಡಿರುತ್ತವೆ. ಪ್ರತಿ ಮಗುವಿನ ಕೈಯಲ್ಲೂ ಒಂದು ಫೋನಿದೆ. ನೆಟ್ ಯಾವಾಗಲೂ ಇರುತ್ತದೆ. ನಮ್ಮಲ್ಲಿ ಎರಡೂ ಇಲ್ಲ. ನಾನು ಚಿತ್ರದುರ್ಗ ಜಿಲ್ಲೆಯ ಒಂದು ಸರಕಾರಿ ಪ್ರೌಢಶಾಲೆಯಲ್ಲಿ ಪಿಸಿಎಂ ಶಿಕ್ಷಕಿ. ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ಶಾಲೆಯಲ್ಲಿ ಒಂದು ಪ್ರೊಜೆಕ್ಟರ್ ಇದೆ, ಒಂದು ಲ್ಯಾಪ್‌ಟಾಪ್ ಇದೆ. ಫೋನು ನನ್ನದು, ಡೇಟಾ ಪ್ಯಾಕೂ ನನ್ನದೇ. ಮಧ್ಯಾಹ್ನದ ಮೇಲೆ ಕರೆಂಟು ಇರುತ್ತದೆ ಅಂತ ನಂಬಿ ಪಾಠ ಯೋಜನೆ ಬರೆಯುವ ಹಾಗಿಲ್ಲ.

ಹಾಗಾಗಿ ಹೊಸದು ಯಾವುದು ಕಂಡರೂ ನಾನು ಕೇಳುವುದು ಇಷ್ಟೇ. ಇಡೀ ತರಗತಿಗೆ ಒಂದೇ ಯಂತ್ರ ಇದ್ದರೆ ಇದು ನಡೆಯುತ್ತದಾ? ನೆಟ್ ಹೋದರೆ ಏನಾಗುತ್ತದೆ? ಮಕ್ಕಳು ಸುಮ್ನೆ ನೋಡುತ್ತಾರಾ, ಇಲ್ಲ ತಲೆ ಓಡಿಸುತ್ತಾರಾ? ಈ ಮೂರಕ್ಕೂ ಬಹುಮಟ್ಟಿಗೆ ನಿಂತ ಮೂರು ತಂತ್ರಾಂಶಗಳ ಬಗ್ಗೆ ಇಲ್ಲಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಮಿಕ್ಕವನ್ನು ಬೇಗ ಮುಗಿಸುತ್ತೇನೆ.

ಮೊದಲನೆಯದು ಫೆಟ್. ಇಂಗ್ಲಿಷಿನಲ್ಲಿ ಪಿ, ಎಚ್, ಇ, ಟಿ ಅಂತ ಹೊಡೆದು ಹುಡುಕಿ. ಅಮೆರಿಕದ ಕೊಲೊರಾಡೊ ಬೌಲ್ಡರ್ ವಿಶ್ವವಿದ್ಯಾಲಯದ ಯೋಜನೆ ಇದು. 2001ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದವರಲ್ಲಿ ಒಬ್ಬರಾದ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದರು. ವಿಜ್ಞಾನ ಮತ್ತು ಗಣಿತದ ಪ್ರಯೋಗಗಳನ್ನು ಪರದೆಯ ಮೇಲೆ ಮಾಡಿ ನೋಡುವ ಮಾದರಿಗಳು ಇದರಲ್ಲಿವೆ. ದುಡ್ಡು ಕೊಡಬೇಕಾಗಿಲ್ಲ, ಖಾತೆ ತೆರೆಯಬೇಕಾಗಿಲ್ಲ.

ನನಗೆ ಇದು ಇಷ್ಟವಾಗಲು ಮೊದಲ ಕಾರಣ ನೆಟ್ ಬೇಡದಿರುವುದು. ಪ್ರತಿ ಮಾದರಿಯ ಪುಟದಲ್ಲೂ ಡೌನ್‌ಲೋಡ್ ಗುಂಡಿ ಇದೆ. ಒತ್ತಿದರೆ ಒಂದೇ ಒಂದು ಫೈಲ್ ಇಳಿಯುತ್ತದೆ. ಅದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿ ಬ್ರೌಸರಿನಲ್ಲಿ ತೆರೆದರೆ ಸಾಕು, ಓಡುತ್ತದೆ. ಹತ್ತನೇ ತರಗತಿಗೆ ಬೇಕಾದವನ್ನೆಲ್ಲ ಮನೆಯಲ್ಲೇ ಇಳಿಸಿ ಪಾಠದ ಹೆಸರಿನ ಫೋಲ್ಡರ್‌ಗಳಲ್ಲಿ ಇಟ್ಟುಕೊಂಡಿದ್ದೇನೆ.

ಎರಡನೆಯ ಕಾರಣ ಇನ್ನೂ ದೊಡ್ಡದು. ವಿದ್ಯುಚ್ಛಕ್ತಿ ಪಾಠವನ್ನೇ ತೆಗೆದುಕೊಳ್ಳಿ. ಪಾಠ ಮಾಡಿದ ಎಲ್ಲರಿಗೂ ಗೊತ್ತಿರುವ ಒಂದು ತೊಡಕಿದೆ. ಸರಣಿಯಲ್ಲಿ ಎರಡು ಬಲ್ಬ್ ಜೋಡಿಸಿದರೆ, ಮೊದಲ ಬಲ್ಬು ಸ್ವಲ್ಪ ಕರೆಂಟನ್ನು ತಿಂದುಬಿಡುತ್ತದೆ, ಎರಡನೆಯದಕ್ಕೆ ಕಡಿಮೆ ಸಿಗುತ್ತದೆ ಅಂತಲೇ ಮಕ್ಕಳು ನಂಬಿರುತ್ತಾರೆ. ಓಮನ ನಿಯಮ ಬಾಯಿಪಾಠ ಬರುತ್ತದೆ, ಲೆಕ್ಕವೂ ಸರಿ ಬರುತ್ತದೆ. ಒಳಗಿನ ನಂಬಿಕೆ ಮಾತ್ರ ಹಾಗೇ ಇರುತ್ತದೆ. ಫೆಟ್‌ನ ಡಿಸಿ ಮಂಡಲ ಕಟ್ಟುವ ಮಾದರಿಯಲ್ಲಿ ತಂತಿಯೊಳಗೆ ಓಡುವ ಎಲೆಕ್ಟ್ರಾನುಗಳು ನೀಲಿ ಚುಕ್ಕೆಗಳಾಗಿ ಕಾಣುತ್ತವೆ. ಬ್ಯಾಟರಿ 9 ವೋಲ್ಟ್, ಬಲ್ಬಿನ ರೋಧ 10 ಓಮ್. ಒಂದು ಬಲ್ಬ್ ಹಾಕಿದಾಗ ಅಮ್ಮೀಟರ್ 0.90 ಆಂಪಿಯರ್ ತೋರಿಸುತ್ತದೆ. ಇನ್ನೊಂದನ್ನು ಸರಣಿಯಲ್ಲಿ ಸೇರಿಸಿದರೆ 0.45ಕ್ಕೆ ಇಳಿಯುತ್ತದೆ, ಚುಕ್ಕೆಗಳ ಓಟವೂ ನಿಧಾನವಾಗುತ್ತದೆ. ಈಗ ಅಮ್ಮೀಟರನ್ನು ಮೊದಲ ಬಲ್ಬಿನ ಮುಂದೆ ಇಡಿ, ಎರಡರ ನಡುವೆ ಇಡಿ, ಎರಡನೆಯದರ ಆಚೆ ಇಡಿ. ಎಲ್ಲ ಕಡೆಯೂ 0.45. ಇದನ್ನು ನಾನು ಹೇಳುವುದಿಲ್ಲ. ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಕರೆದು ಮೌಸ್ ಕೊಡುತ್ತೇನೆ, ಮಿಕ್ಕವರು ಎಲ್ಲಿ ಇಡಬೇಕು ಅಂತ ಹೇಳುತ್ತಾರೆ. ಅದೇ ಬಲ್ಬುಗಳನ್ನು ಸಮಾಂತರವಾಗಿ ಜೋಡಿಸಿದಾಗ ಬ್ಯಾಟರಿಯಿಂದ 1.80 ಆಂಪಿಯರ್ ಹೊರಡುವುದನ್ನು ನೋಡಿ, "ಮಿಸ್, ಹಾಗಾದ್ರೆ ಬ್ಯಾಟರಿ ಬೇಗ ಖಾಲಿ ಆಗುತ್ತಲ್ವಾ?" ಅಂತ ಒಬ್ಬಳು ಕೇಳಿದಳು. ಆ ಪ್ರಶ್ನೆ ಪುಸ್ತಕದ ಅಭ್ಯಾಸದಲ್ಲಿ ಇರಲಿಲ್ಲ.

ಇದೇ ಮಾದರಿಯಲ್ಲಿ ಒಂದು ಗುಂಡಿ ಒತ್ತಿದರೆ ಬಲ್ಬು, ಬ್ಯಾಟರಿಗಳ ಚಿತ್ರ ಹೋಗಿ ಪುಸ್ತಕದಲ್ಲಿರುವಂಥ ಸಂಕೇತಗಳು ಬರುತ್ತವೆ. ಮಂಡಲದ ಚಿತ್ರ ಬರೆಯಲು ಹೆದರುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಎಲೆಕ್ಟ್ರಾನಿನ ಬದಲು ರೂಢಿಯ ಪ್ರವಾಹದ ದಿಕ್ಕನ್ನೂ ತೋರಿಸಬಹುದು. ಎರಡೂ ಎದುರುಬದುರು ಯಾಕೆ ಅಂತ ಚರ್ಚೆ ಮಾಡಲು ಅರ್ಧ ಪೀರಿಯಡ್ ಬೇಕು. ಆ ಸಮಯ ಇಟ್ಟುಕೊಂಡೇ ತೋರಿಸಿ.

ಬೆಳಕಿನ ಪಾಠಕ್ಕೆ ಮಸೂರ, ದರ್ಪಣಗಳ ಮಾದರಿ ಇದೆ. ರಸಾಯನಶಾಸ್ತ್ರಕ್ಕೆ ಸಮೀಕರಣ ಸರಿದೂಗಿಸುವ ಮಾದರಿ ಇದೆ, ಅದರಲ್ಲಿ ಅಮೋನಿಯಾ, ನೀರು, ಮೀಥೇನ್ ಮೂರನ್ನೂ ತಕ್ಕಡಿಯಲ್ಲಿ ತೂಗಿ ನೋಡಬಹುದು. ಎರಡೂ ಚೆನ್ನಾಗಿವೆ.

ಕೊರತೆಯನ್ನೂ ಹೇಳಬೇಕು. ಪರದೆಯ ಮೇಲಿನ ಮಂಡಲದಲ್ಲಿ ತಂತಿ ಸಡಿಲವಾಗುವುದಿಲ್ಲ, ಸೆಲ್ ವೀಕಾಗಿರುವುದಿಲ್ಲ. ಇದನ್ನು ಮಾತ್ರ ನೋಡಿದ ಮಗುವಿಗೆ ನಿಜವಾದ ಬಲ್ಬು ಹತ್ತದಿದ್ದಾಗ ಎಲ್ಲಿ ಹುಡುಕಬೇಕು ಅಂತ ಗೊತ್ತಾಗುವುದಿಲ್ಲ. ಅದಕ್ಕೇ ನಾನು ಮೊದಲು ಟಾರ್ಚಿನ ಸೆಲ್ಲು, ಚಿಕ್ಕ ಬಲ್ಬು, ತಂತಿ ಕೊಟ್ಟು ಗುಂಪಿನಲ್ಲಿ ಮಾಡಿಸುತ್ತೇನೆ, ಆಮೇಲೆ ಪ್ರೊಜೆಕ್ಟರ್ ಹಚ್ಚುತ್ತೇನೆ. ಇನ್ನೊಂದು ಕೊರತೆ ಭಾಷೆಯದು. ಕೆಲವು ಮಾದರಿಗಳು ಮಾತ್ರ ಕನ್ನಡದಲ್ಲಿವೆ. ಅನುವಾದ ಮಾಡುವವರು ಸ್ವಯಂಸೇವಕರೇ. ಪಾಠಪುಸ್ತಕದ ಪದಗಳು ಬಾಯಲ್ಲೇ ಇರುವ ನಮ್ಮ ಶಿಕ್ಷಕರು ಈ ಕೆಲಸಕ್ಕೆ ಕೈಹಾಕಿದರೆ ಎಷ್ಟು ಒಳ್ಳೆಯದು!

ಎರಡನೆಯದು ಪ್ಲಿಕರ್ಸ್. ಇದರ ಬಗ್ಗೆ ನಮ್ಮ ಕಡೆ ಗೊತ್ತಿರುವವರು ಕಡಿಮೆ. ನನ್ನ ಪ್ರಕಾರ ಸರಕಾರಿ ಶಾಲೆಗೆ ಇಷ್ಟು ಹೊಂದುವ ತಂತ್ರಾಂಶ ಇನ್ನೊಂದಿಲ್ಲ. ಮಕ್ಕಳ ಕೈಗೆ ಫೋನು ಬೇಡ, ಒಂದೊಂದು ಕಾಗದ ಸಾಕು. ಕಾಗದದ ಮೇಲೆ ಕ್ಯೂಆರ್ ಕೋಡಿನಂಥ ಕಪ್ಪು ಆಕೃತಿ ಇರುತ್ತದೆ. ನಾಲ್ಕು ಬದಿಗೆ ಎ, ಬಿ, ಸಿ, ಡಿ ಅಂತ ಸಣ್ಣಗೆ ಬರೆದಿರುತ್ತದೆ. ನಾನು ಪ್ರಶ್ನೆ ಕೇಳುತ್ತೇನೆ. ಯಾವ ಉತ್ತರ ಸರಿ ಅನ್ನಿಸುತ್ತದೋ ಆ ಅಕ್ಷರ ಮೇಲೆ ಬರುವಂತೆ ಕಾರ್ಡ್ ತಿರುಗಿಸಿ ಹಿಡಿಯಬೇಕು. ನಾನು ಫೋನಿನ ಕ್ಯಾಮೆರಾವನ್ನು ಎಡದಿಂದ ಬಲಕ್ಕೆ ಆಡಿಸಿದರೆ ಇಡೀ ತರಗತಿಯ ಉತ್ತರ ಫೋನಿಗೆ ಬಂದಿರುತ್ತದೆ. ಯಾರದು ಸರಿ, ಯಾರದು ತಪ್ಪು ಅಂತ ನನಗೆ ಮಾತ್ರ ಕಾಣುತ್ತದೆ.

ಒಬ್ಬೊಬ್ಬರ ಕಾರ್ಡಿನ ಆಕೃತಿ ಬೇರೆ ಬೇರೆ. ಅಕ್ಷರಗಳು ಸಣ್ಣವು. ಹಾಗಾಗಿ ಪಕ್ಕದವನು ಏನು ಹಿಡಿದಿದ್ದಾನೆ ಅಂತ ನೋಡಿ ನಕಲು ಮಾಡುವುದು ಕಷ್ಟ. ಕೈ ಎತ್ತಿಸುವ ಪದ್ಧತಿಯಲ್ಲಿ ಏನಾಗುತ್ತದೆ ಅಂತ ನಮಗೆಲ್ಲ ಗೊತ್ತು. ಮುಂದಿನ ಬೆಂಚಿನ ನಾಲ್ಕು ಜನ ಎತ್ತುತ್ತಾರೆ, ಅವರನ್ನು ನೋಡಿ ಮಿಕ್ಕವರು ಎತ್ತುತ್ತಾರೆ. ಇಲ್ಲಿ ಕೊನೆಯ ಬೆಂಚಿನ, ವರ್ಷವಿಡೀ ಬಾಯಿ ಬಿಡದ ಹುಡುಗಿಯೂ ಉತ್ತರ ಕೊಡುತ್ತಾಳೆ. ತಪ್ಪಾದರೆ ಯಾರೂ ನಗುವುದಿಲ್ಲ, ಯಾರಿಗೂ ಗೊತ್ತೇ ಆಗುವುದಿಲ್ಲವಲ್ಲ. ನನಗೆ ಈ ತಂತ್ರಾಂಶದ ಮೇಲೆ ಪ್ರೀತಿ ಬಂದದ್ದು ಇದಕ್ಕೇ.

ಫೆಟ್ ಮತ್ತು ಪ್ಲಿಕರ್ಸ್ ಎರಡನ್ನೂ ಒಟ್ಟಿಗೆ ಬಳಸಿ ನೋಡಿ. "ಒಂದೇ ಥರದ ಎರಡು ಬಲ್ಬು ಸರಣಿಯಲ್ಲಿವೆ, ಯಾವುದು ಜಾಸ್ತಿ ಬೆಳಗುತ್ತದೆ?" ಅಂತ ಮೊದಲು ಕಾರ್ಡ್ ಹಿಡಿಸುತ್ತೇನೆ. ಉತ್ತರ ಚದುರಿ ಬರುತ್ತದೆ. ಸರಿಯುತ್ತರ ಹೇಳದೆ, ಪಕ್ಕದವರ ಜೊತೆ ವಾದ ಮಾಡಿ ಅಂತ ಎರಡು ನಿಮಿಷ ಬಿಡುತ್ತೇನೆ. ಮತ್ತೆ ಕಾರ್ಡ್ ಹಿಡಿಸುತ್ತೇನೆ. ಆಮೇಲಷ್ಟೇ ಮಾದರಿ ತೆರೆಯುವುದು. ಈ ಕ್ರಮ ನಾನು ಕಂಡುಹಿಡಿದದ್ದಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಿಂದ ತಮ್ಮ ತರಗತಿಯಲ್ಲಿ ಬೆಳೆಸಿದ್ದು. ತಾನು ಒಂದು ಉತ್ತರಕ್ಕೆ ಕಾರ್ಡ್ ಹಿಡಿದಾಗಿದೆ ಅನ್ನುವ ಕಾರಣಕ್ಕೇ ಮಗು ಪರದೆಯನ್ನು ಕಣ್ಣು ಕೀಲಿಸಿ ನೋಡುತ್ತದೆ.

ಕಾರ್ಡುಗಳನ್ನು ಅವರ ತಾಣದಿಂದಲೇ ಇಳಿಸಿ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಬಹುದು. 40 ಮಕ್ಕಳಿಗಾಗುವ ಕಟ್ಟು ಇದೆ, 63 ಮಕ್ಕಳಿಗಾಗುವ ಕಟ್ಟೂ ಇದೆ. ದಪ್ಪ ಹಾಳೆಯಲ್ಲಿ ತೆಗೆಸಿ. ಲ್ಯಾಮಿನೇಶನ್ ಮಾತ್ರ ಮಾಡಿಸಬೇಡಿ. ಹೊಳಪಿನ ಹಾಳೆಯ ಮೇಲೆ ಕಿಟಕಿಯ ಬೆಳಕು ಬಿದ್ದರೆ ಕ್ಯಾಮೆರಾಗೆ ಆಕೃತಿ ಕಾಣುವುದಿಲ್ಲ. ಮಕ್ಕಳು ಬೆರಳಿನಿಂದ ಕಪ್ಪು ಭಾಗ ಮುಚ್ಚಿದರೂ ಓದುವುದಿಲ್ಲ, ಅಂಚನ್ನು ಹಿಡಿಯಲು ಮೊದಲ ದಿನವೇ ಹೇಳಿಕೊಡಿ. ಉಚಿತ ಆವೃತ್ತಿಯಲ್ಲಿ ಒಂದು ಗುಚ್ಛಕ್ಕೆ ಐದೇ ಪ್ರಶ್ನೆ. ಒಂದು ಪೀರಿಯಡ್‌ಗೆ ನನಗೆ ಅಷ್ಟು ಧಾರಾಳ. ಒಳ್ಳೆಯ ಒಂದು ಪ್ರಶ್ನೆಗೇ ಹತ್ತು ನಿಮಿಷ ಹೋಗುತ್ತದೆ. ಇದಕ್ಕೆ ಫೋನಿನಲ್ಲಿ ನೆಟ್ ಬೇಕು ಅನ್ನುವುದೊಂದೇ ನನಗೆ ತೊಡಕು. ಸಿಗ್ನಲ್ ಇಲ್ಲದ ಊರಿನವರು ಇದನ್ನು ಲೆಕ್ಕಕ್ಕೆ ಹಿಡಿಯಿರಿ.

ಮಕ್ಕಳ ಹೆಸರನ್ನು ನಾನು ಇದಕ್ಕೆ ಹಾಕಿಲ್ಲ, ಹಾಜರಿ ಸಂಖ್ಯೆ ಮಾತ್ರ ಹಾಕಿದ್ದೇನೆ. ಯಾವ ತಂತ್ರಾಂಶಕ್ಕಾದರೂ ಹೀಗೇ ಮಾಡಿ. ಒಂದು ಕಂಪನಿಯವರು ತಮ್ಮ ಆಪ್ ತೋರಿಸಲು ಶಾಲೆಗೆ ಬಂದಿದ್ದರು. ತರಗತಿ ಸೇರಿಸಲು ಪ್ರತಿ ಮಗುವಿನ ಹುಟ್ಟಿದ ದಿನ, ಪೋಷಕರ ಮೊಬೈಲ್ ನಂಬರ್ ಕೇಳಿದರು. ಗುಣಾಕಾರದ ಅಭ್ಯಾಸಕ್ಕೆ ಅಪ್ಪನ ನಂಬರ್ ಯಾಕೆ ಬೇಕು? ಕೊಡಲಿಲ್ಲ. ಆ ಮಕ್ಕಳ ವಿವರ ನಮ್ಮನ್ನು ನಂಬಿ ಕೊಟ್ಟದ್ದು, ಅದನ್ನು ಇನ್ನೊಬ್ಬರಿಗೆ ದಾಟಿಸುವ ಹಕ್ಕು ನಮಗಿಲ್ಲ.

ಮೂರನೆಯದು ಜಿಯೋಜೀಬ್ರಾ, ಗಣಿತದ ಆಕೃತಿಗಳನ್ನು ಪರದೆಯ ಮೇಲೆ ಬರೆದು ಎಳೆದಾಡಿ ನೋಡುವ ತಂತ್ರಾಂಶ. ಗಣಿತದವರಿಗೆ ಪರಿಚಯ ಬೇಕಿಲ್ಲ ಅನ್ನಿಸಬಹುದು. ಆದರೂ ತರಬೇತಿಯಲ್ಲಿ ಒಮ್ಮೆ ನೋಡಿ ಮತ್ತೆ ತೆರೆಯದವರೇ ಹೆಚ್ಚು. 2001ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ಶುರು ಮಾಡಿದ್ದು. ಶಾಲೆಯ ಬಳಕೆಗೆ ಉಚಿತ, ಕಂಪ್ಯೂಟರಿಗೆ ಇಳಿಸಿಕೊಂಡರೆ ನೆಟ್ ಇಲ್ಲದೆ ನಡೆಯುತ್ತದೆ.

ವರ್ಗ ಸಮೀಕರಣದ ಪಾಠದಲ್ಲಿ ಶೋಧಕ (ಬಿ ವರ್ಗ ಮೈನಸ್ 4ಎಸಿ) ಅನ್ನುವುದು ಮಕ್ಕಳಿಗೆ ಬರೀ ಸೂತ್ರ. ಸೊನ್ನೆಗಿಂತ ಹೆಚ್ಚಾದರೆ ಹೀಗೆ, ಕಡಿಮೆಯಾದರೆ ಹಾಗೆ ಅಂತ ಉರು ಹೊಡೆಯುತ್ತಾರೆ. ಜಿಯೋಜೀಬ್ರಾದಲ್ಲಿ ವರ್ಗ ಸಮೀಕರಣವನ್ನು ಎ, ಬಿ, ಸಿ ಅಕ್ಷರಗಳಲ್ಲೇ ಹೊಡೆಯಿರಿ. ಮೂರಕ್ಕೂ ಜಾರುಪಟ್ಟಿ ಬರುತ್ತದೆ. ಎ ಗೆ 1, ಬಿ ಗೆ ಮೈನಸ್ 4, ಸಿ ಗೆ 3 ಇಡಿ. ಪರವಲಯ ಎಕ್ಸ್ ಅಕ್ಷವನ್ನು 1 ಮತ್ತು 3ರಲ್ಲಿ ಕತ್ತರಿಸುತ್ತದೆ. ಈಗ ಸಿ ಯನ್ನು ಮೆಲ್ಲಗೆ ಮೇಲೆ ಜಾರಿಸಿ. ಎರಡು ಬಿಂದುಗಳೂ ಹತ್ತಿರ ಬರುತ್ತವೆ. ಸಿ 4 ಆದಾಗ ರೇಖೆ ಅಕ್ಷವನ್ನು 2ರಲ್ಲಿ ಸುಮ್ನೆ ಮುಟ್ಟುತ್ತದೆ. 5ಕ್ಕೆ ಹೋದರೆ ಅಕ್ಷ ಬಿಟ್ಟು ಮೇಲೆ ಎದ್ದಿರುತ್ತದೆ. ಅಷ್ಟರಲ್ಲಿ ಬೋರ್ಡಿನ ಮೇಲೆ ಶೋಧಕದ ಬೆಲೆ ಬರೆಯುತ್ತಾ ಬನ್ನಿ: 4, 0, ಮೈನಸ್ 4. ಸೂತ್ರದ ಅರ್ಥ ಏನು ಅಂತ ನಾನು ಬಿಡಿಸಿ ಹೇಳುವ ಮೊದಲೇ ಹಿಂದಿನಿಂದ ಯಾರೋ ಹೇಳಿರುತ್ತಾರೆ.

ವೃತ್ತದ ಪಾಠದಲ್ಲಿ ಹೊರಗಿನ ಬಿಂದುವಿನಿಂದ ಎರಡು ಸ್ಪರ್ಶಕ ಎಳೆದು, ಬಿಂದುವನ್ನು ಎಲ್ಲಿಗೆ ಬೇಕಾದರೂ ಎಳೆದಾಡಿ. ಉದ್ದ ಬದಲಾಗುತ್ತದೆ, ಎರಡೂ ಸಮವಾಗಿಯೇ ಇರುತ್ತವೆ. ಇಲ್ಲಿ ಒಂದು ಎಚ್ಚರ ಬೇಕು. "ನೋಡಿದೆವಲ್ಲ ಮಿಸ್, ಮತ್ತೆ ಸಾಧನೆ ಯಾಕೆ?" ಅಂತ ಮಕ್ಕಳು ಕೇಳುತ್ತಾರೆ. ಕೇಳಲೇಬೇಕು. ಹತ್ತು ಕಡೆ ಎಳೆದು ನೋಡಿದ್ದು ಹತ್ತು ಕಡೆಗೆ ಮಾತ್ರ ಆಯಿತು, ಎಲ್ಲ ಕಡೆಗೂ ನಿಜ ಅಂತ ಹೇಳಲು ಲಂಬಕೋನ ತ್ರಿಭುಜಗಳ ಸರ್ವಸಮತೆ ಬೇಕು. ಅಲ್ಲಿಂದ ಚಾಕ್‌ಪೀಸ್ ಹಿಡಿಯಬೇಕು. ಸಾಧನೆ ಬರೆಯಲೇ ಬೇಕು ಅನ್ನಿಸುವ ಹಸಿವನ್ನು ಹುಟ್ಟಿಸಿದರೆ ಜಿಯೋಜೀಬ್ರಾ ತನ್ನ ಕೆಲಸ ಮಾಡಿದೆ ಅಂತ ನನ್ನ ಲೆಕ್ಕ. ನಮ್ಮದೇ ರಾಜ್ಯದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣದಲ್ಲಿ ಪಾಠವಾರು ಚಟುವಟಿಕೆಗಳಿವೆ, ಹೊಸಬರು ಅಲ್ಲಿಂದ ಶುರು ಮಾಡಬಹುದು.

ಮಿಕ್ಕವು ಬೇಗ ಬೇಗ. ಕಹೂಟ್ ಅನ್ನುವ ರಸಪ್ರಶ್ನೆ ಆಟ ಬಹಳ ಹೆಸರು ಮಾಡಿದೆ, ಖುಷಿಯೂ ಕೊಡುತ್ತದೆ. ಆದರೆ ಮಕ್ಕಳ ಕೈಯಲ್ಲಿ ಯಂತ್ರ ಬೇಕು, ಬೇಗ ಒತ್ತಿದವರಿಗೆ ಜಾಸ್ತಿ ಅಂಕ. ನಿಧಾನವಾಗಿ ಯೋಚಿಸುವ ಮಗುವಿಗೆ ಅದು ಅನ್ಯಾಯ. ಗೂಗಲ್ ಫಾರ್ಮ್ಸ್ ಮನೆಗೆಲಸದ ಪರೀಕ್ಷೆಗೆ ಅನುಕೂಲ, ಅಂಕ ತಾನೇ ಹಾಕಿ ಪಟ್ಟಿ ಮಾಡಿಕೊಡುತ್ತದೆ. ಆದರೆ ನಮ್ಮ ಮಕ್ಕಳ ಮನೆಯಲ್ಲಿ ಇರುವುದು ಒಂದೇ ಫೋನು, ಅದು ಅಪ್ಪನ ಜೊತೆ ಹೊಲಕ್ಕೋ ಗಾರೆ ಕೆಲಸಕ್ಕೋ ಹೋಗಿರುತ್ತದೆ. ರಾತ್ರಿ ಬಂದ ಮೇಲೆ ಉತ್ತರ ಬರುತ್ತದೆ. ಕಡ್ಡಾಯ ಮಾಡಬೇಡಿ. 2017ರಲ್ಲಿ ಶುರುವಾದ ದೀಕ್ಷಾ, ಸರಕಾರದ ಕಲಿಕಾ ಆಪ್, ಎಲ್ಲರಿಗೂ ಗೊತ್ತು. ಪಾಠಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ವಿಡಿಯೋ ಬರುತ್ತದೆ, ನಾನು ಮೊದಲೇ ಪೂರ್ತಿ ನೋಡಿ ಬೇಕಾದ ಎರಡು ಮೂರು ನಿಮಿಷವನ್ನಷ್ಟೇ ತೋರಿಸುತ್ತೇನೆ.

ಕೊನೆಯದಾಗಿ ಕನ್ನಡದಲ್ಲಿ ಪ್ರಶ್ನೆಪತ್ರಿಕೆ ಹೊಡೆಯುವವರಿಗೆ. ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಇರುವ ಪ್ರಶ್ನೆಗಳನ್ನು ನಕಲು ಮಾಡಿ ಫಾರ್ಮ್ಸ್‌ಗೋ ಪ್ಲಿಕರ್ಸ್‌ಗೋ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಅವನ್ನು ಮೊದಲು ಯುನಿಕೋಡಿಗೆ ಬದಲಿಸಬೇಕು, ಅದಕ್ಕೆ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಕಾಗದದಲ್ಲಿ ಮಾತ್ರ ಇರುವ ಹಳೆಯ ಪತ್ರಿಕೆಗಳಿಗೆ ಇನ್ನೊಂದು ದಾರಿ ಇದೆ. ನೆಟ್ಟಗೆ ಫೋಟೋ ತೆಗೆದು ಗೂಗಲ್ ಡ್ರೈವಿಗೆ ಏರಿಸಿ, ಕಂಪ್ಯೂಟರಿನಲ್ಲಿ ಗೂಗಲ್ ಡಾಕ್ಸ್ ಮೂಲಕ ತೆರೆಯಿರಿ. ಚಿತ್ರದ ಕೆಳಗೆ ಕನ್ನಡ ಅಕ್ಷರಗಳು ತಿದ್ದಲು ಬರುವಂತೆ ಬಂದಿರುತ್ತವೆ. ಒತ್ತಕ್ಷರ, ಭಿನ್ನರಾಶಿ, ಘಾತಗಳನ್ನು ಒಂದೊಂದಾಗಿ ನೋಡಿ ತಿದ್ದಿ. ರಾಸಾಯನಿಕ ಸೂತ್ರಗಳಲ್ಲಿ ಕೆಳಗೆ ಕೂರಬೇಕಾದ ಅಂಕಿಗಳು ಸಾಲಿಗೆ ಬಂದುಬಿಟ್ಟಿರುತ್ತವೆ, ಅವನ್ನು ಬಿಡಬೇಡಿ.